ಸೆರಗು ಹೊದ್ದ ಇಲಿ

ನಮ್ಮ ಮನೆಯಲ್ಲಿ ಇಲಿ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಅಟ್ಟದ ಮೇಲೆ ಸರಬರ ಸದ್ದಾದರೆ ಆಯಿ, ಅಂದರೆ ನನ್ನ ಅಪ್ಪನ ತಾಯಿ, ‘ಮ್ಯಾಲಿನವರು ಓಡಾಡಾಕತ್ತಾರ’ ಎನ್ನುತ್ತಿದ್ದಳು. ಹೆಸರು ಹಿಡಿದರೆ ಕೈಮಾಡಿ ಕರೆದಂತೆ ಎಂಬುದು ಅವಳ ನಂಬಿಕೆ. ಬೆಳಗಾವಿಯಲ್ಲಿ ಪ್ಲೇಗಿನ ಕಾಲವನ್ನು ಕಂಡವರು ಇದಕ್ಕೆ ನಗುತ್ತಿರಲಿಲ್ಲ. ಮನೆಯೊಳಗೆ ಒಂದು ಇಲಿ ಸತ್ತು ಬಿತ್ತೆಂದರೆ ಒಲೆ ಆರಿಸಿ, ಪಾತ್ರೆ ಪಗಡೆ ಕಟ್ಟಿಕೊಂಡು, ಊರ ಹೊರಗಿನ ಬಯಲಿನಲ್ಲಿ ತಟ್ಟಿಯ ಗುಡಿಸಲು ಹಾಕಬೇಕು. ಆಯಿ ಹಾಗೆ ಒಮ್ಮೆ ಹೋಗಿ, ಗಂಡನನ್ನು ಆ ಬಯಲಿನಲ್ಲೇ ಮಣ್ಣುಮಾಡಿ ಮನೆಗೆ ಮರಳಿದವಳು. ಅಂಥವಳ ಮನೆಗೆ ನನ್ನ ಅಪ್ಪ ಒಂದು ಸಂಜೆ, ಸೋನೆ ಮಳೆಯಲ್ಲಿ ನೆನೆಯುತ್ತ, ಕೊಡೆಯನ್ನು ತಮ್ಮ ತಲೆಗೆ ಹಿಡಿಯದೆ ಕೈಯಲ್ಲಿದ್ದ ಪಂಜರಕ್ಕೆ ಹಿಡಿದು ಬಂದರು. ಪಂಜರದಲ್ಲಿ ಎರಡು ಇಲಿಗಳಿದ್ದವು.

ಅಪ್ಪ ಕ್ಯಾಂಪಿನಲ್ಲಿ ಸಾಹೇಬರಿಗೆ ಕನ್ನಡ ಮರಾಠಿ ಕಲಿಸುವ ಮುನಶಿ. ಯಾರಿಗೂ ಇಲ್ಲವೆನ್ನಲು ಬಾರದ ಮನುಷ್ಯ. ಒಬ್ಬ ಸಾಹೇಬನ ಕುಟುಂಬ ವಿಲಾಯತಿಗೆ ಮರಳುತ್ತಿತ್ತು. ಅವನ ಪುಟ್ಟ ಮಗಳು ಅಲ್ಲಿಂದಲೇ ತಂದು ಸಾಕಿಕೊಂಡಿದ್ದ ಇಲಿಗಳನ್ನು ಪ್ಲೇಗಿನ ಸೀಮೆಯಿಂದ ಹಡಗಿಗೆ ಹತ್ತಿಸುವಂತಿರಲಿಲ್ಲ. ಹುಡುಗಿ ನನ್ನ ಅಪ್ಪನ ಅಂಗಿಯ ತುದಿ ಹಿಡಿದು ಅತ್ತಳಂತೆ. ಆಯಿ ಹೊಸ್ತಿಲಲ್ಲಿ ನಿಂತವಳು ಕದಲಲಿಲ್ಲ.

“ಹುಲಿ ತಂದಿದ್ರ ಕಟ್ಟಿ ಹಾಕು ಅಂತಿದ್ದೆ. ಇದನ್ನ ತಂದೀಯಲ್ಲೋ! ನಿಮ್ಮಪ್ಪ ಹೆಂಗ ಹ್ವಾದ ಅಂಬೂದು ಮರತಿ?”

“ಇವು ಆ ಜಾತಿ ಅಲ್ಲವ್ವಾ. ಕೈಯಾಗ ಕುಂಡ್ರತಾವು, ಅನ್ನ ತಿಂತಾವು.”

“ಜಾತಿ ಕೇಳಿ ಬರತೈತೇನು ಬ್ಯಾನಿ?”

ಅಪ್ಪ ಮಳೆಯಲ್ಲೇ ನಿಂತಿದ್ದರು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅತ್ತಿ ಬಂದು ಪಂಜರವನ್ನು ತೆಗೆದುಕೊಂಡು ತನ್ನ ಕೋಣೆಗೆ ಹೋದಳು. ಆಯಿಯ ಹೊಸ್ತಿಲು ಆ ಕೋಣೆಗೆ ಸಂಬಂಧಿಸಿದ್ದಲ್ಲ ಎಂಬಂತೆ ಆಯಿ ಸರಿದು ಅಪ್ಪನಿಗೆ ದಾರಿ ಬಿಟ್ಟಳು.

ಅತ್ತಿ ಎಂದರೆ ಅಪ್ಪನ ತಂಗಿ ನೀಲವ್ವ. ಖಾನಾಪುರದ ಅಕ್ಕಿ ವ್ಯಾಪಾರಿಯ ಮನೆಗೆ ಮದುವೆಯಾಗಿ ಹೋಗಿದ್ದಳು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳ ತುದಿಗಳಲ್ಲಿ, ಆಮೇಲೆ ತುಟಿಯ ಅಂಚಿನಲ್ಲಿ, ಬಿಳಿ ಕಲೆಗಳು ಮೂಡಿದವು. ತೊನ್ನು ಎಂದು ತಿಳಿದ ದಿನ ಅತ್ತೆಮನೆಯವರು ಅವಳನ್ನು ತವರಿಗೆ ಕಳಿಸಿದರು. ಕರೆಯಲು ಮತ್ತೆ ಬರಲಿಲ್ಲ. ಗಂಡ ಇನ್ನೊಂದು ಮದುವೆಯಾದ. ನಮ್ಮ ಮನೆಯಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ರೈಲುಡಬ್ಬಿಗಳಂತೆ ಇದ್ದವು. ಅವೆಲ್ಲ ಮುಗಿದ ಮೇಲೆ ಹಿತ್ತಲು, ಹಿತ್ತಲಿನಾಚೆ ಹಿಂದೆ ಆಕಳು ಕಟ್ಟುತ್ತಿದ್ದ ಕೋಣೆ. ಅತ್ತಿಯದು ಅದು. ಮುಂಜಾನೆ ನಾವೆಲ್ಲ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಸಾಲಾಗಿ ಊಟಕ್ಕೆ ಕುಳಿತರೆ, ಅತ್ತಿಗೆ ಬೇರೆ ಗಂಗಾಳ, ಬೇರೆ ತಂಬಿಗೆ. ಹೊರಗಿನ ಕಟ್ಟೆಯ ಮೇಲೆ ಆಯಿಯೇ ಬಡಿಸಿಟ್ಟು ಬರುತ್ತಿದ್ದಳು. ಎಲ್ಲಕ್ಕಿಂತ ಮೆತ್ತಗಿನ ರೊಟ್ಟಿ, ಎಲ್ಲಕ್ಕಿಂತ ಗಟ್ಟಿ ಮೊಸರು. ನಮ್ಮವರಲ್ಲಿ ಸೂತಕವಿಲ್ಲ ಎಂದು ಅಪ್ಪ ಒಮ್ಮೆ ಹೇಳಿದ್ದಕ್ಕೆ ‘ಸೂತಕ ಅಲ್ಲಪಾ, ಮಂದಿ ಬಾಯಿ’ ಎಂದಿದ್ದಳು. ಮನೆಯಲ್ಲಿ ಮದುವೆಗೆ ಬೆಳೆಯುತ್ತಿದ್ದ ಹೆಣ್ಣು ನಾನೊಬ್ಬಳಿದ್ದೆನಲ್ಲ.

ಮರುದಿನ ಸಾಲೆ ಬಿಟ್ಟೊಡನೆ ನಾನು ಅತ್ತಿಯ ಕೋಣೆಗೆ ಓಡಿದೆ. ಎರಡರಲ್ಲಿ ಗಂಡು ಪೂರಾ ಬಿಳಿ. ಕಣ್ಣು ಮಾತ್ರ ದಾಳಿಂಬೆ ಕಾಳು. ಅದರ ಹೆಸರು ಬೆಳ್ಳಿ. ಹೆಣ್ಣಿನ ಮೈ ಕೆನೆಬಿಳಿ, ಆದರೆ ತಲೆ, ಕೊರಳು, ಹೆಗಲ ತನಕ ಕಡುಗಪ್ಪು. ಅಲ್ಲಿಂದ ಬಾಲದವರೆಗೆ ಬೆನ್ನಹುರಿಯ ಮೇಲೆ ಒಂದು ಕಪ್ಪು ಪಟ್ಟಿ. ಹೊಸ ಸೊಸೆ ಕರಿ ಸೆರಗನ್ನು ತಲೆತುಂಬ ಹೊದ್ದು, ಉಳಿದದ್ದನ್ನು ಬೆನ್ನಮೇಲೆ ಇಳಿಬಿಟ್ಟಂತೆ. ಅತ್ತಿ ಅದನ್ನು ಸೆರಗವ್ವ ಎಂದು ಕರೆದಳು. ಸೆರಗವ್ವ ಅವಳ ತೋಳಿನ ಮೇಲೆ ಹತ್ತಿ ಬಂದು, ಬೆರಳ ಬಿಳಿ ತುದಿಗಳನ್ನು ಮೂಸಿ, ಅಲ್ಲೇ ಕುಳಿತು ಮುಖ ತೊಳೆದುಕೊಂಡಿತು. ಅತ್ತಿ ತೋಳು ಕದಲಿಸದೆ ನೋಡುತ್ತಿದ್ದಳು. ಯಾರಾದರೂ ಅವಳ ಕೈ ಮುಟ್ಟಿ ಎಷ್ಟು ಕಾಲವಾಗಿತ್ತೋ, ನನಗೆ ಆಗ ಹೊಳೆಯಲಿಲ್ಲ. ನನಗೆ ಹೊಳೆದದ್ದು ಬೇರೆಯೇ ಪ್ರಶ್ನೆ.

“ಅತ್ತಿ, ಇವಕ್ಕ ಮರಿ ಆದ್ರ ಬಿಳೇವು ಆಕ್ಕಾವೋ, ಸೆರಗಿನವು ಆಕ್ಕಾವೋ?”

“ಯಾರಿಗೊತ್ತ? ನೋಡೂಣು.”

‘ನೋಡೂಣು’ ಎಂಬ ಮಾತು ನಮ್ಮ ಮನೆಯಲ್ಲಿ ಅಪರೂಪ. ಕೇಳಿದ್ದಕ್ಕೆಲ್ಲ ಹಿರಿಯರ ಬಳಿ ಸಿದ್ಧ ಉತ್ತರವಿರುತ್ತಿತ್ತು, ಇಲ್ಲವೇ ಗದರಿಕೆ. ಗೊತ್ತಿಲ್ಲ ಎಂದು ಒಪ್ಪಿಕೊಂಡು ಕಾಯುವ ದೊಡ್ಡವರನ್ನು ನಾನು ಕಂಡದ್ದು ಆಗಲೇ ಮೊದಲು.

ಮರಿಗಳಾದವು. ಹುಟ್ಟಿದಾಗ ಎಲ್ಲವೂ ಸಿಪ್ಪೆ ಸುಲಿದ ಶೇಂಗಾದಂತೆ ಬೆತ್ತಲೆ, ಕೆಂಪಗೆ. ಕೂದಲು ಬರತೊಡಗಿದ ಮೇಲೆ ನಾವಿಬ್ಬರೂ ಬೆಪ್ಪಾದೆವು. ಒಂದೂ ಬಿಳಿಯಿಲ್ಲ, ಒಂದಕ್ಕೂ ಸೆರಗಿಲ್ಲ. ಎಲ್ಲವೂ ಬೂದುಗಂದು, ಅಟ್ಟದ ಮೇಲಿನವರ ಬಣ್ಣವೇ. ಹೊಟ್ಟೆಯ ಮೇಲೆ ಮಾತ್ರ ಸುಣ್ಣದ ಬೆರಳಿಟ್ಟಂತೆ ಒಂದು ಬಿಳಿ ಗುರುತು. ಆಯಿ ದೂರದಿಂದಲೇ ನೋಡಿ ಗೆದ್ದವಳಂತೆ ಹೇಳಿದಳು:

“ವಿಲಾಯತಿವು ಅಂದ್ರಿ. ನೋಡ್ರಿ, ಮೂಲಕ್ಕ ಬಂದ್ವು.”

ಬಿಳಿ ಎಲ್ಲಿ ಹೋಯಿತು? ಸೆರಗು ಎಲ್ಲಿ ಹೋಯಿತು? ನಾನು ಸಾಲೆಯಲ್ಲಿ ಲೆಕ್ಕ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಅತ್ತಿ ಒಂದು ದಿನ, ಮರಿಗಳಿಗೆ ರೊಟ್ಟಿಯ ಚೂರು ಹಾಕುತ್ತ, ತನ್ನ ಕಥೆ ಹೇಳಿದಳು. ಈಗ ಅವಳು ಮಲಗುವ ಆ ಕೋಣೆಯಲ್ಲಿ ಹಿಂದೆ ಕರಿಬಿಳಿ ಮಚ್ಚೆಯ ಆಕಳಿತ್ತು. ಅತ್ತಿ ಹೊಟ್ಟೆಯಲ್ಲಿದ್ದಾಗ ಆಯಿ ದಿನವೂ ಆ ಆಕಳನ್ನೇ ನೋಡುತ್ತ ಕುಳಿತಿರುತ್ತಿದ್ದಳಂತೆ. ಬಸುರಿ ಏನು ನೋಡುತ್ತಾಳೋ ಅದು ಕೂಸಿನ ಮೈಗೆ ಬರುತ್ತದೆ ಎಂದು ಖಾನಾಪುರದ ಬೀಗತಿ ಮಂದಿಯ ಮುಂದೆ ಆಯಿಯನ್ನು ಹಂಗಿಸಿದ್ದಳು. ಆಯಿ ಮನೆಗೆ ಬಂದವಳೇ ಆಕಳನ್ನು ಕೊಟ್ಟುಬಿಟ್ಟಿದ್ದಳು.

“ಅವ್ವಗ ಅದು ಎದ್ಯಾಗ ಕುಂತೈತಿ. ನನ್ನ ಕೈ ನೋಡಿದಾಗೊಮ್ಮೆ ಆಕಳ ಕಾಣತೈತಿ ಆಕಿಗೆ.”

“ಖರೇನ ಅತ್ತಿ? ನೋಡಿದ್ದು ಬರತೈತೇನು?”

ಅತ್ತಿ ಪಂಜರದತ್ತ ನೋಡಿದಳು. ಆಮೇಲೆ ಪೆಟ್ಟಿಗೆ ತೆಗೆದು ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಹೊರತೆಗೆದಳು. ಬೂದು ಮರಿಗಳು ಬೆಳೆದು, ಅವುಗಳಲ್ಲೇ ಒಂದು ಗಬ್ಬವಾದಾಗ, ಅದನ್ನು ಬೇರೆ ಪಂಜರಕ್ಕೆ ಹಾಕಿ, ಸುತ್ತ ನಾಲ್ಕೂ ಕಡೆಗೆ ಆ ಕೆಂಪು ಬಟ್ಟೆ ಕಟ್ಟಿದೆವು. ಎತ್ತ ತಿರುಗಿದರೂ ಕೆಂಪು. ಮರಿ ಹಾಕುವ ತನಕ ಅದನ್ನು ಬಿಚ್ಚಲಿಲ್ಲ. ಸಾಲೆಯಿಂದ ಬಂದವಳೇ ನಾನು ಬಟ್ಟೆ ಸರಿದಿಲ್ಲವೆಂದು ನೋಡಿಕೊಳ್ಳುತ್ತಿದ್ದೆ. ಇಲಿಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದೇ ಇಲ್ಲವೆಂದು ಎಷ್ಟೋ ವರ್ಷಗಳ ಮೇಲೆ, ನಾನೇ ಮಕ್ಕಳಿಗೆ ವಿಜ್ಞಾನ ಕಲಿಸುವ ದಿನಗಳಲ್ಲಿ, ಓದಿ ಒಬ್ಬಳೇ ನಕ್ಕಿದ್ದೇನೆ. ಆದರೆ ಅಂದಿನ ನಮ್ಮ ಪರೀಕ್ಷೆಯಲ್ಲಿ ಮೋಸವಿರಲಿಲ್ಲ; ಉತ್ತರ ಏನೇ ಬಂದರೂ ಒಪ್ಪಿಕೊಳ್ಳಲು ನಾವು ತಯಾರಿದ್ದೆವು.

ಉತ್ತರ ಬಂದಾಗ ನಾನು ಕಿರುಚಿಬಿಟ್ಟೆ. ಕೆಂಪು ಒಂದೂ ಇರಲಿಲ್ಲ. ಆದರೆ ಬೂದು ತಂದೆ ಬೂದು ತಾಯಿಯ ಆ ಮರಿಗಳಲ್ಲಿ ಬಿಳಿ ಇತ್ತು! ಸೆರಗಿನದೂ ಇತ್ತು, ಬೂದೂ ಇತ್ತು, ಅಜ್ಜ ಅಜ್ಜಿ ಯಾರಿಗೂ ಇಲ್ಲದ ಬೂದು ಸೆರಗಿನದೊಂದೂ ಇತ್ತು. ಕಣ್ಣಿಗೆ ಕಾಣದೆ ಮೈಯೊಳಗೆ ಎಲ್ಲಿಯೋ ಅಡಗಿ ಕುಳಿತಿದ್ದ ಬಣ್ಣಗಳೆಲ್ಲ ಹೊರಗೆ ಬಂದಿದ್ದವು. ಅತ್ತಿ ಒಂದೊಂದನ್ನೇ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಆ ಕೆಂಪು ಬಟ್ಟೆಯನ್ನೂ ಮರಿಗಳನ್ನೂ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

“ಅವ್ವಾ, ಅದಕ್ಕ ಕೆಂಪು ಬಿಟ್ಟು ಬ್ಯಾರೆ ಏನೂ ತೋರಿಸಿಲ್ಲ ನಾವು. ನೋಡು, ಒಂದರ ಕೆಂಪ ಐತೇನು? ನೀ ಆಕಳ ನೋಡಿದ್ದಕ್ಕ ಏನೂ ಆಗಿಲ್ಲವ್ವಾ.”

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಇಲಿ ಬ್ಯಾರೆ, ಮನಶ್ಯಾರು ಬ್ಯಾರೆ. ಸರಿ ಅತ್ತಾಗ,” ಎಂದಳು. ಅಂದು ಅವಳ ರೊಟ್ಟಿ ಹೊತ್ತಿತು.

ಚಳಿ ಹಿಡಿಯುವ ಹೊತ್ತಿಗೆ ನಮ್ಮ ಓಣಿಯಲ್ಲಿ ಇಲಿ ಬಿದ್ದವು. ಮೊದಲು ತೇಲಿಯವರ ಗಾಣದ ಹತ್ತಿರ, ಆಮೇಲೆ ನಮ್ಮ ನಡುಮನೆಯಲ್ಲೇ, ದೇವರ ಜಗಲಿಯ ಕೆಳಗೆ. ಆಯಿ ಕಿರುಚಲಿಲ್ಲ, ಅಳಲಿಲ್ಲ. ಒಲೆಗೆ ನೀರು ಸುರಿದಳು. ಪಕ್ಕದ ಮನೆಯವರು ಬಂದು ನಮ್ಮ ಪಂಜರದಿಂದಲೇ ಇದೆಲ್ಲ ಆಯಿತೆಂದು ಕೂಗಾಡಿದರು. ಅತ್ತಿ ಅಂಗಳಕ್ಕೆ ಬಂದು ನಿಂತಳು.

“ಬ್ಯಾನಿ ನನ್ನ ಇಲಿಗೆ ಬಂದಿದ್ರ ಮೊದಲ ಅವ ಸಾಯತಿದ್ವು. ಬರ್ರಿ, ನೋಡ್ರಿ, ಒಂದರ ಸತ್ತೈತೇನು?”

ನೋಡಲು ಯಾರೂ ಬರಲಿಲ್ಲ. ಹೋಗಬೇಕಾದದ್ದಂತೂ ಖರೆ. ಬಯಲಿನ ಗುಡಿಸಲಿಗೆ ಆಯಿಯನ್ನು ಮತ್ತೆ ಕರೆದೊಯ್ಯಲು ಅಪ್ಪನಿಗೆ ಮನಸ್ಸಿರಲಿಲ್ಲ. ಊರ ಹೊರಗೆ ನಮಗಿದ್ದ ನೆಂಟರ ಮನೆ ಒಂದೇ: ಖಾನಾಪುರದ್ದು. ಅಪ್ಪ ತಲೆ ತಗ್ಗಿಸಿಕೊಂಡೇ ಆ ಮಾತು ಎತ್ತಿದರು.

“ನಾ ಗುಡಿಸಲದಾಗ ಇರತೇನಣ್ಣಾ. ನೀವು ಹೋಗ್ರಿ,” ಎಂದಳು ಅತ್ತಿ.

“ನಿನ್ನ ಬಯಲಾಗ ಬಿಟ್ಟು ನಾ ಹೋಗಂಗಿಲ್ಲ,” ಎಂದಳು ಆಯಿ. “ಒಬ್ಬರನ್ನ ಬಿಟ್ಟು ಬಂದದ್ದ ಸಾಕಾಗೈತಿ.”

ಬೆಳ್ಳಿಯನ್ನೂ ಉಳಿದ ಇಲಿಗಳನ್ನೂ ಅಪ್ಪ ಕ್ಯಾಂಪಿಗೆ ಒಯ್ದು ಇನ್ನೊಬ್ಬ ಸಾಹೇಬನ ಮಕ್ಕಳಿಗೆ ಕೊಟ್ಟು, ತಾವೂ ಅಲ್ಲಿಯೇ ಆಳುಗಳ ಮನೆಯಲ್ಲಿ ಉಳಿದರು. ಸೆರಗವ್ವನನ್ನೂ ಮೊಮ್ಮಕ್ಕಳಲ್ಲಿ ಎರಡನ್ನೂ ಅತ್ತಿ ಬಿಡಲಿಲ್ಲ. ಸಣ್ಣ ಪಂಜರವನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕುಳಿತಳು. ಆಯಿ, ನನ್ನ ಅವ್ವ, ನಾನು ಎದುರಿಗೆ. ಕಿಟಕಿಯಾಚೆ ಕೊಯ್ದ ಭತ್ತದ ಗದ್ದೆ, ಆಮೇಲೆ ಕಾಡು. ಲೋಂಡಾದ ಕಡೆಗೆ ಹೋಗುವ ಮಂದಿ ಅದೂ ಇದೂ ಮಾತಾಡುತ್ತಿದ್ದರು. ಕೌದಿಯೊಳಗಿನ ಸರಬರ ಆಯಿಗೆ ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಅವಳು ಕಿಟಕಿಯ ಹೊರಗೇ ನೋಡುತ್ತ ಕುಳಿತಿದ್ದಳು.

ಖಾನಾಪುರದ ಮನೆ ದೊಡ್ಡದು. ಎಲ್ಲಿ ಕಾಲಿಟ್ಟರೂ ಹೊಸ ಅಕ್ಕಿಯ ವಾಸನೆ. ಮಾಮಾ, ಅಂದರೆ ಅತ್ತಿಯ ಗಂಡ, ಬಾಗಿಲಲ್ಲಿ ನಿಂತು ‘ಬರ್ರಿ’ ಎಂದರು. ಯಾರ ಮುಖವನ್ನೂ ನೋಡಲಿಲ್ಲ. ಅವರ ತಾಯಿ, ಅಂದರೆ ಆಯಿಯನ್ನು ಹಂಗಿಸಿದ ಆ ಬೀಗತಿ, ನಮಗೆ ಭತ್ತದ ಗೋದಾಮಿನ ಪಕ್ಕದ ಕೋಣೆ ತೋರಿಸಿದಳು. ಆಯಿ, ಅವ್ವ, ನನಗೆ ಊಟ ಒಳಗೆ, ಅತ್ತಿಗೆ ಅಂಗಳದಲ್ಲಿ. ಮಾಮಾ ಎರಡನೆಯ ಮದುವೆ ಮಾಡಿಕೊಂಡ ಶೇವಂತಾ ನನಗಿಂತ ಬಹಳ ದೊಡ್ಡವಳಲ್ಲ. ಮರಾಠಿ ಮನೆಮಾತಿನವಳು, ಕನ್ನಡ ಆಡಿದರೆ ಪ್ರತಿ ಮಾತಿಗೂ ಒಂದು ಮರಾಠಿ ಬಾಲ. ಚಿಕ್ಕವಳಿದ್ದಾಗಲೇ ತಾಯಿ ಸತ್ತಿದ್ದರಿಂದ ಚೊಚ್ಚಲ ಬಾಣಂತನಕ್ಕೆ ಹೋಗಲು ತವರಿರಲಿಲ್ಲ. ದಿನ ತುಂಬಿತ್ತು. ಅತ್ತಿಯ ಕಡೆ ನೋಡಬಾರದೆಂದು ಅವಳಿಗೆ ಕಟ್ಟಪ್ಪಣೆಯಾಗಿತ್ತು.

ನೋಡಬಾರದು ಎಂದರೆ ನೋಡದೆ ಇರುವ ವಯಸ್ಸಲ್ಲ ಅವಳದು. ಒಂದು ಮಧ್ಯಾಹ್ನ ಬೀಗತಿ ಪೇಟೆಗೆ ಹೋದಾಗ ಗೋದಾಮಿನ ಹಿಂದಿನ ಬಾಗಿಲಿನಿಂದ ಬಂದಳು. ಅತ್ತಿ ಸೆರಗವ್ವನಿಗೆ ಅನ್ನ ತಿನ್ನಿಸುತ್ತಿದ್ದಳು.

“ಅಗಬಾಯಿ! ಉಂದೀರ! ಮತ್ತ ಹಿಂಗ್ಯಾಕ ಅದಾವು, ಅಕ್ಕಾ? ಬಣ್ಣ ಹಚ್ಚಿದಂಗ?”

“ನೋಡಬ್ಯಾಡ ಅಂದಾರಲ್ಲ ನಿನಗ?”

ಶೇವಂತಾ ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡಳು, ಆದರೆ ಕಣ್ಣು ಮುಚ್ಚಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು:

“ಖರೇನ ಅಕ್ಕಾ, ನೋಡಿದ್ರ ಕೂಸಿಗೆ ಬರತದ? ನನಗ ಭಾಳ ಭೀತಿ ಆಗತದ. ಕಣ್ಣ ಮುಚ್ಚಿದ್ರೂ ನಿಮ್ಮ ಕೈನ ಕಾಣತದ.”

ಅತ್ತಿ ನಗಲಿಲ್ಲ. ಕೆಂಪು ಬಟ್ಟೆಯ ಕಥೆಯನ್ನು ಮೊದಲಿನಿಂದ ಹೇಳಿದಳು. ಅವಳು ಮರೆತಲ್ಲಿ ನಾನು ಸೇರಿಸಿದೆ. ಬಿಳಿ ಹೇಗೆ ಅಡಗಿ ಕುಳಿತಿತ್ತು, ಹೇಗೆ ಹೊರಬಂತು ಎಂದು ಮರಿಗಳನ್ನೇ ತೋರಿಸಿ ವಿವರಿಸಿದೆ. ಶೇವಂತಾ ನೆಲದ ಮೇಲೆ ಕಾಲು ಚಾಚಿ ಕುಳಿತು, ಬಾಯಿ ತೆರೆದು ಕೇಳಿದಳು. ಕೊನೆಗೆ ಹೆದರುತ್ತ ಒಂದು ಬೆರಳು ಚಾಚಿದಳು. ಇಲಿಯನ್ನಲ್ಲ, ಅತ್ತಿಯ ಅಂಗೈಯನ್ನು ಮುಟ್ಟಿದಳು. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ಬೀಗತಿ ಬಂದು ನಿಂತಿದ್ದಳು.

ಆಮೇಲಿನ ಜಗಳ ಅಂಗಳದಲ್ಲಿ ನಡೆಯಿತು. ಇಲಿಗಳನ್ನು ಕಲ್ಲಿನಿಂದ ಜಜ್ಜು ಎಂದು ಅವಳು ಆಳನ್ನು ಕರೆದಳು. ಒಳಗಿದ್ದ ಆಯಿಗೆ ಕೇಳುವಂತೆ, ಹಿಂದೆ ಒಮ್ಮೆ ಆಡಿದ ಮಾತನ್ನೇ ಇನ್ನಷ್ಟು ಹರಿತ ಮಾಡಿ ಆಡಿದಳು.

“ನೀ ಆಕಳ ನೋಡಿ ಹಡದಿ, ಬೀಗವ್ವಾ. ನಮ್ಮ ಮನಿ ಕೆಡಿಸಿದಿ. ಈಗ ನಿನ್ನ ಮಗಳು ನನ್ನ ಸೊಸಿ ಹೊಟ್ಟಿ ಕೆಡಸಾಕ ಬಂದಾಳು.”

ಆಯಿ ಆಗ ತಾನೇ ಊಟಕ್ಕೆ ಕುಳಿತಿದ್ದಳು. ತಾಟು ಹಿಡಿದೇ ಎದ್ದು ಹೊರಗೆ ಬಂದಳು.

“ಹೌದು, ನೋಡೀನಿ. ದಿನಾ ನೋಡೀನಿ. ಛಲೋ ಆಕಳ ಇತ್ತು ಅದು. ಅದನ್ನ ನೋಡಿದ್ದಕ್ಕ ಏನೂ ಆಗಿಲ್ಲ. ನನ್ನ ಮಗಳು ಪರೀಕ್ಷಾ ಮಾಡಿ ನೋಡ್ಯಾಳು. ನೀ ಏನ ನೋಡಿ ಹೇಳತೀ ಈ ಮಾತ?”

ಆಳು ಕಲ್ಲು ಕೆಳಗಿಟ್ಟ. ಆಯಿ ಅಂಗಳದ ಕಟ್ಟೆಯ ಮೇಲೆ ಅತ್ತಿಯ ಗಂಗಾಳದ ಪಕ್ಕದಲ್ಲಿ ತನ್ನ ತಾಟನ್ನಿಟ್ಟು ಕುಳಿತಳು.

“ನನ್ನ ಮಗಳಿಗೆ ಇಲ್ಲೆ ಊಟ ಅಂದ್ರ ನನಗೂ ಇಲ್ಲೆ.”

ಅತ್ತಿ ತಾಯಿಯನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಮ್ಮ ಮನ್ಯಾಗೂ ನಂದು ಹೊರಗ ಐತೆವ್ವಾ.”

ಆಯಿಯ ಕೈ ನಿಂತಿತು. ಅವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಯಿ ತನ್ನ ತಾಟನ್ನು ಸರಿಸಿ, ಅತ್ತಿಯ ಗಂಗಾಳವನ್ನು ಇಬ್ಬರ ನಡುವೆ ಎಳೆದುಕೊಂಡು, ಅದರೊಳಗಿನ ಅನ್ನದಲ್ಲಿ ಹುರಳಿ ಸಾರು ಕಲಸಿ ಒಂದು ತುತ್ತು ತಿಂದಳು. ಆಮೇಲೆ ಇನ್ನೊಂದು ತುತ್ತು ಮಾಡಿ ಮಗಳ ಬಾಯಿಗೆ ಹಿಡಿದಳು. ಇಬ್ಬರೂ ಅಳಲಿಲ್ಲ. ಸಾರು ಸಪ್ಪಗಿದೆ ಎಂದು ಆಯಿ ಗಟ್ಟಿಯಾಗಿಯೇ ಹೇಳಿದಳು.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಶೇವಂತಾಳಿಗೆ ನೋವು ಬಂತು. ಸೂಲಗಿತ್ತಿ ಬಂದಳು. ಆದರೆ ಶೇವಂತಾ ಅಕ್ಕನನ್ನು ಕರೆಯಿರಿ ಎಂದು ಹಟ ಹಿಡಿದಳು. ಆ ಹೊತ್ತಿನಲ್ಲಿ ಅಡ್ಡಬರುವ ಧೈರ್ಯ ಬೀಗತಿಗೂ ಇರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಳೆದು ಒರೆಸುವಾಗ ತೊಡೆಯ ಮೇಲೆ ಹುಣಸೆ ಬೀಜದಷ್ಟು ಕಪ್ಪು ಮಚ್ಚೆ ಕಂಡಿತು. ಬೀಗತಿ ಹಣೆ ಬಡಿದುಕೊಂಡಳು.

“ಬಂತು ನೋಡ್ರಿ! ಹೇಳಿದ್ನಿಲ್ಲೋ!”

ಅತ್ತಿ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು, ಇಲಿಮರಿಗಳನ್ನು ನೋಡುತ್ತಿದ್ದಷ್ಟೇ ಗಮನವಿಟ್ಟು ನೋಡಿದಳು.

“ನಂದು ಬಿಳಿ, ಇದು ಕರಿ. ಇಲಿ ಸೆರಗು ಹೆಗಲಮ್ಯಾಲ, ಇದು ತೊಡಿಮ್ಯಾಲ. ಯಾರದೂ ಅಲ್ರೀ ಇದು. ಆಕಿದ ಐತಿ.”

ಸೂಲಗಿತ್ತಿ ನಕ್ಕುಬಿಟ್ಟಳು. ಅದನ್ನು ಕೇಳಿ ಒಳಗಿನಿಂದ ಶೇವಂತಾಳೂ ನಕ್ಕಳು.

ಬೆಳಗಾವಿಯಲ್ಲಿ ಬ್ಯಾನಿ ಇಳಿದು, ಅಪ್ಪ ನಮ್ಮನ್ನು ಕರೆಯಲು ಬಂದ ದಿನ ಮಾಮಾ ಮೊದಲ ಸಲ ಅತ್ತಿಯ ಮುಂದೆ ನಿಂತು ಮಾತಾಡಿದರು.

“ನೀ ಇಲ್ಲೇ ಇರು. ಕೂಸಿಗೆ ಒಂದು ಕೈ ಬೇಕು.”

“ಕೂಸಿಗೆ ಕೈ ಬೇಕು, ಖರೇ. ನನಗೇನ ಬೇಕು ಅಂತ ಒಮ್ಮೆರ ಕೇಳ್ರಿ.”

ಮಾಮಾ ಏನೂ ಕೇಳಲಿಲ್ಲ. ಅತ್ತಿ ಪಂಜರವನ್ನು ಎತ್ತಿಕೊಂಡಳು. ಈ ಸಲ ಅದಕ್ಕೆ ಕೌದಿ ಸುತ್ತಲಿಲ್ಲ. ಸ್ಟೇಷನ್ನಿನಲ್ಲಿ ಮಂದಿ ಬಗ್ಗಿ ಬಗ್ಗಿ ನೋಡಿದರು.

ಸೆರಗವ್ವ ಆ ಬೇಸಿಗೆಯಲ್ಲಿ ಮುದಿಯಾಗಿ ಸತ್ತಿತು. ಮರಿಗಳು ಇನ್ನೊಂದಿಷ್ಟು ಕಾಲ ಇದ್ದವು. ಹಿತ್ತಲ ಕೋಣೆಯಲ್ಲಿ ಕಟ್ಟಿಗೆ ತುಂಬಿದರು. ಅತ್ತಿ ನಡುಮನೆಯಲ್ಲಿ ನನ್ನ ಪಕ್ಕದಲ್ಲಿ ಮಲಗತೊಡಗಿದಳು. ನನ್ನ ಲಗ್ನದ ಮಾತು ಬಂದಾಗ ಮಂದಿ ಬಾಯಿ ಸುಮ್ಮನಿರಲಿಲ್ಲ. ಒಂದೆರಡು ಮನೆಯವರು ಎದ್ದು ಹೋದರು. ಹೋಗಲಿ ಎಂದಳು ಆಯಿ.

ಮುಂದಿನ ಪಂಚಮಿಗೆ, ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹೊತ್ತಿನಲ್ಲಿ, ನಮ್ಮ ಬಾಗಿಲಿಗೆ ಒಂದು ಟಾಂಗಾ ಬಂದು ನಿಂತಿತು. ಶೇವಂತಾ ಕೂಸನ್ನು ಬಗಲಲ್ಲಿಟ್ಟುಕೊಂಡು ಇಳಿದಳು. ಹೊಸ್ತಿಲ ಹೊರಗೆ, ಒಳಗೆ ಬರಲೋ ಬೇಡವೋ ಎಂದು ನಿಂತಳು. ಪಕ್ಕದ ಮನೆಯಾಕೆ ಕಟ್ಟೆಯಿಂದ ಇಣುಕಿ ಕೇಳಿದಳು:

“ಯಾರ್ರೀ ಆಯಿ, ಬಂದಾಕಿ?”

ಆಯಿ ಒಳಗಿನಿಂದ ತಂಬಿಗೆ ನೀರು ತಂದು ಶೇವಂತಾಳ ಕಾಲಿಗೆ ಹಾಕುತ್ತ, ತಿರುಗಿ ನೋಡದೆ ಹೇಳಿದಳು:

“ನನ್ನ ಸಣ್ಣ ಮಗಳು. ಖಾನಾಪುರಕ್ಕ ಕೊಟ್ಟೀವಿ.”